ಆರು ಹಿಡಿದ ಹುಡುಗ

ಮೊನ್ನೆ ಸಂಜೆ ಬೆಂಗಳೂರಿನಿಂದ ಮೊಮ್ಮಗಳು ತನ್ನ ಲೆಕ್ಕದ ಪುಸ್ತಕದ ಒಂದು ಪುಟದ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸಿದಳು. ಎಂಟನೆಯ ತರಗತಿಯ ಬೀಜಗಣಿತ. ಎರಡು ದಿನದಲ್ಲಿ ಒಪ್ಪಿಸಬೇಕಾದ ಹೋಂವರ್ಕ್. ಅದರ ಹಿಂದೆಯೇ ಇನ್ನೊಂದು ಚಿತ್ರವೂ ಬಂದಿತು. ಲೆಕ್ಕದ ಫೋಟೋ ತೆಗೆದರೆ ಸಾಕು, ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತೋರಿಸುವ ಸಲಕರಣೆ ಈಗ ಮೊಬೈಲಿನಲ್ಲೇ ಇದೆ; ಅದು ಬಿಡಿಸಿ ಕೊಟ್ಟ ಉತ್ತರ ಅದಾಗಿತ್ತು. "ತಾತ, ಆನ್ಸರ್ ಬಂತು. ಆದ್ರೆ ಯಾಕೆ ಹೀಗೇ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ" ಎಂದು ಕೆಳಗೆ ಬರೆದಿದ್ದಳು.

ಲೆಕ್ಕ ಇಷ್ಟೇ: ಒಂದು ಸಂಖ್ಯೆಗೆ ಅದರ ಅರ್ಧವನ್ನೂ ಅದರ ಮೂರನೆಯ ಒಂದು ಭಾಗವನ್ನೂ ಕೂಡಿಸಿದರೆ 44 ಬರುತ್ತದೆ, ಆ ಸಂಖ್ಯೆ ಯಾವುದು?

ಓದಿದವನು ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ರಾತ್ರಿ ಅವಳಿಗೆ ಉತ್ತರ ಬರೆಯಲಾಗಲಿಲ್ಲ. ಪಠ್ಯಪುಸ್ತಕಗಳ ಹೊದಿಕೆ ಬದಲಾಗುತ್ತದೆ, ಬೆಲೆ ಬದಲಾಗುತ್ತದೆ, ಒಳಗಿನ ಲೆಕ್ಕಗಳು ಮಾತ್ರ ತಲೆಮಾರುಗಳ ಕಾಲ ಅಂಕಿ ಬದಲಿಸಿಕೊಂಡು ಬದುಕುತ್ತವೆ. ಇದೇ ಲೆಕ್ಕವನ್ನು, 44ರ ಬದಲಿಗೆ 77 ಎಂದು, ನಾನು 1976ರಲ್ಲಿ ಕರಿಹಲಗೆಯ ಮೇಲೆ ಬರೆದು ಮಕ್ಕಳಿಗೆ ಮನೆಗೆ ಕೊಟ್ಟಿದ್ದೆ. ಆ ಲೆಕ್ಕದ ಕಥೆಯನ್ನು ಈ ಪುಟಗಳಲ್ಲಿ ಇದುವರೆಗೆ ಬರೆದಿಲ್ಲ. ಬರೆಯಲು ಹಿಂಜರಿಕೆಯಿತ್ತು ಎಂಬುದೇ ನಿಜ.

ಆಗ ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇಪ್ಪತ್ತೈದರ ವಯಸ್ಸು, ಗಣಿತವೆಂದರೆ ಕ್ರಮ, ಕ್ರಮವೆಂದರೆ ನಾನು ಹೇಳಿಕೊಟ್ಟದ್ದು ಎಂದು ತಿಳಿದಿದ್ದ ಕಾಲ. ನನ್ನಲ್ಲಿ ಓದಿದವರಿಗೆ ನೆನಪಿರಬೇಕು, ಬೀಜಗಣಿತದ ಯಾವ ಲೆಕ್ಕವಾದರೂ "ಆ ಸಂಖ್ಯೆಯು ಎಕ್ಸ್ ಆಗಿರಲಿ" ಎಂಬ ಸಾಲಿನಿಂದಲೇ ಆರಂಭವಾಗಬೇಕಿತ್ತು. ಆ ಸಾಲಿಗೆ ಒಂದು ಅಂಕ. ಸಮೀಕರಣಕ್ಕೆ ಒಂದು, ಲ.ಸಾ.ಅ. ತೆಗೆದು ಭಿನ್ನರಾಶಿ ಕಳೆದದ್ದಕ್ಕೆ ಒಂದು, ಉತ್ತರಕ್ಕೆ ಒಂದು. 77ರ ಲೆಕ್ಕದಲ್ಲಿ ಎಲ್ಲವನ್ನೂ ಆರರಿಂದ ಗುಣಿಸಿದರೆ ಎಡಗಡೆ ಹನ್ನೊಂದು ಎಕ್ಸ್, ಬಲಗಡೆ 462. ಆದುದರಿಂದ ಎಕ್ಸ್ ಎಂದರೆ 42. ಹಲಗೆಯ ಮೇಲೆ ಸಮಚಿಹ್ನೆಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲುವುದನ್ನು ನೋಡುವುದೇ ನನಗೊಂದು ಸುಖವಾಗಿತ್ತು.

ಮರುದಿನ ಪುಸ್ತಕಗಳನ್ನು ತಿದ್ದುತ್ತಿದ್ದಾಗ ಒಬ್ಬ ಹುಡುಗನ ಪುಸ್ತಕದಲ್ಲಿ ಕಂಡದ್ದು ಎರಡೇ ಸಾಲು:

6 + 3 + 2 = 11
77 ಆಗಬೇಕು. 7 ಸಲ. 6 × 7 = 42

ಅವನ ಹೆಸರನ್ನು ಬರೆಯುವುದಿಲ್ಲ. ಅವನ ತಂದೆ ತೆಂಗಿನಕಾಯಿ ಸುಲಿಯುವ ಕೂಲಿಯಾಳುಗಳ ಒಂದು ಗುಂಪಿನ ಮುಂದಾಳು. ತಿಪಟೂರಿನ ಸೀಮೆಯ ಉಂಡೆ ಕೊಬ್ಬರಿಯ ವಿಷಯ ನಿಮಗೆ ಗೊತ್ತೇ ಇದೆ. ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಗುಡುಗುಡು ಎನ್ನುವಾಗ ಸುಲಿದು ಒಡೆಯುತ್ತಾರೆ. ಆ ಕೆಲಸದ ದಿನಗಳಲ್ಲಿ ಹುಡುಗ ಶಾಲೆಗೆ ಬರುತ್ತಿರಲಿಲ್ಲ. ಬಂದ ದಿನ ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ. ಅಂಥವನ ಪುಸ್ತಕದಲ್ಲಿ ಸರಿಯುತ್ತರ! ನಾನು ಎರಡನೆಯ ಯೋಚನೆ ಮಾಡಲಿಲ್ಲ. ಪಕ್ಕದವನ ಉತ್ತರವನ್ನು ನೋಡಿ ಬರೆದು, ಮೇಲೆ ಏನೋ ಗೀಚಿದ್ದಾನೆ ಎಂದುಕೊಂಡೆ. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಹಾಕಿ ಅವನನ್ನು ನಿಲ್ಲಿಸಿದೆ.

"ಯಾರದ್ದು ನೋಡಿ ಬರೆದೆ?"

"ಯಾರದ್ದೂ ಇಲ್ಲ ಸಾರ್. ಆರು ಹಿಡಿದೆ."

"ಆರು ಎಲ್ಲಿಂದ ಬಂತು?"

"ಅರ್ಧಾನೂ ಆಗ್ಬೇಕು, ಮೂರು ಪಾಲೂ ಆಗ್ಬೇಕಲ್ಲ ಸಾರ್."

ಇದಕ್ಕಿಂತ ಚೆನ್ನಾಗಿ ವಿವರಿಸಲು ಸಾಧ್ಯವಿಲ್ಲ. ಒಂದು ಸಂಖ್ಯೆಯನ್ನು ಊಹಿಸಿ ಹಿಡಿಯಬೇಕು. ಅರ್ಧವೂ ಮೂರನೆಯ ಭಾಗವೂ ಚೂರಾಗದೆ ಬರುವಂತೆ ಅದು ಆರಾಗಿರಲಿ. ಆರು, ಮೂರು, ಎರಡು, ಒಟ್ಟು ಹನ್ನೊಂದು. ಬೇಕಾದದ್ದು ಎಪ್ಪತ್ತೇಳು, ಅಂದರೆ ಹನ್ನೊಂದರ ಏಳರಷ್ಟು. ಹಾಗಾದರೆ ಹಿಡಿದ ಆರೂ ಏಳರಷ್ಟಾಗಬೇಕು. ಇಷ್ಟನ್ನು ಆ ಹುಡುಗ ಒಂದೇ ಮಾತಿನಲ್ಲಿ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ಎದುರುತ್ತರ ಕೊಡುತ್ತಾನೆಂದು ಕೈ ಚಾಚಿಸಿ ಎರಡು ಏಟು ಕೊಟ್ಟೆ. ಬೆತ್ತ ಆಗಿನ ಕಾಲದಲ್ಲಿ ಸೀಮೆಸುಣ್ಣದಷ್ಟೇ ಸಾಮಾನ್ಯ ವಸ್ತುವಾಗಿತ್ತು. ಹಾಗೆಂದು ಹೇಳುವುದರಿಂದ ಏಟಿನ ಲೆಕ್ಕ ಕಡಿಮೆಯಾಗುವುದಿಲ್ಲ.

ಅನಂತರ ನಡೆದದ್ದು ನನ್ನನ್ನು ಹೆಚ್ಚು ಕಾಡಿದೆ. ಆ ದಿನದಿಂದ ಅವನ ಪುಸ್ತಕದಲ್ಲಿ ಬಾಯಿಲೆಕ್ಕ ಕಾಣಲಿಲ್ಲ. "ಎಕ್ಸ್ ಆಗಿರಲಿ" ಎಂದು ಆರಂಭಿಸಿ ಎಲ್ಲ ಹೆಜ್ಜೆಗಳೂ ಇರುತ್ತಿದ್ದವು. ಪಕ್ಕದ ಹುಡುಗನ ಪುಸ್ತಕದಲ್ಲಿದ್ದ ತಪ್ಪುಗಳೂ ಇವನ ಪುಸ್ತಕದಲ್ಲಿ ಅದೇ ಜಾಗದಲ್ಲಿ ಇರುತ್ತಿದ್ದವು. ನಕಲು ಮಾಡದಿದ್ದಾಗ ಶಿಕ್ಷೆ ಕೊಟ್ಟವನು ನಕಲು ಮಾಡಿದಾಗ ಸರಿ ಗುರುತು ಹಾಕುತ್ತ ಹೋದೆ. 1979ರಲ್ಲಿ ಅವನು ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಒಂದರಲ್ಲೇ ಅನುತ್ತೀರ್ಣನಾದ. ಮತ್ತೆ ಕಟ್ಟಲಿಲ್ಲ. ಅದಕ್ಕೆ ಆ ಎರಡು ಏಟೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ನನ್ನ ತಪ್ಪು ನನಗೆ ತಿಳಿದದ್ದು ನಾಲ್ಕೈದು ವರ್ಷ ಕಳೆದ ಮೇಲೆ. ಬೇಸಗೆ ರಜೆಯಲ್ಲಿ ಗ್ರಂಥಾಲಯದಿಂದ ತಂದ, ಅರ್ಥವಿವರಣೆಯುಳ್ಳ 'ಲೀಲಾವತಿ'ಯನ್ನು ಓದುತ್ತಿದ್ದೆ. ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಮೊದಲ ಭಾಗ ಅದು. ಅದರಲ್ಲಿ 'ಇಷ್ಟಕರ್ಮ' ಎಂಬ ಪ್ರಕರಣ ಬರುತ್ತದೆ. ಇಷ್ಟವಾದ ಯಾವುದಾದರೂ ಸಂಖ್ಯೆಯನ್ನು ಹಿಡಿದು, ಪ್ರಶ್ನೆಯಲ್ಲಿ ಹೇಳಿದ್ದನ್ನೆಲ್ಲ ಅದಕ್ಕೆ ಮಾಡಿ, ಬಂದ ಫಲದಿಂದ ಕೊಟ್ಟ ರಾಶಿಯನ್ನು ಭಾಗಿಸಿ ಇಷ್ಟದಿಂದ ಗುಣಿಸು ಎಂಬುದು ಅದರ ಸಾರ. ಉದಾಹರಣೆಯಾಗಿ ಒಂದು ಕಮಲದ ಲೆಕ್ಕವಿದೆ. ಒಬ್ಬ ಭಕ್ತನು ತನ್ನಲ್ಲಿದ್ದ ಕಮಲಗಳಲ್ಲಿ ಮೂರನೆಯ ಒಂದು ಭಾಗವನ್ನು ಶಿವನಿಗೂ ಐದನೆಯ ಒಂದು ಭಾಗವನ್ನು ಹರಿಗೂ ಆರನೆಯ ಒಂದು ಭಾಗವನ್ನು ಸೂರ್ಯನಿಗೂ ಕಾಲುಭಾಗವನ್ನು ದೇವಿಗೂ ಅರ್ಪಿಸಿ, ಉಳಿದ ಆರು ಕಮಲಗಳಿಂದ ಗುರುವಿನ ಪಾದಗಳನ್ನು ಪೂಜಿಸಿದನು, ಒಟ್ಟು ಕಮಲಗಳೆಷ್ಟು? ಅರವತ್ತನ್ನು ಹಿಡಿಯಿರಿ. ಮೂರು, ನಾಲ್ಕು, ಐದು, ಆರು, ಎಲ್ಲವೂ ಅದನ್ನು ಭಾಗಿಸುತ್ತವೆ. ಇಪ್ಪತ್ತು, ಹನ್ನೆರಡು, ಹತ್ತು, ಹದಿನೈದು ಹೋದರೆ ಉಳಿಯುವುದು ಮೂರು. ಉಳಿಯಬೇಕಾದದ್ದು ಆರು, ಎರಡರಷ್ಟು. ಆದುದರಿಂದ ಕಮಲಗಳು ನೂರಿಪ್ಪತ್ತು.

"ಅರ್ಧಾನೂ ಆಗ್ಬೇಕು, ಮೂರು ಪಾಲೂ ಆಗ್ಬೇಕಲ್ಲ ಸಾರ್" ಎಂದ ಧ್ವನಿ ಆಗ ಕಿವಿಯಲ್ಲಿ ಕೇಳಿಸಿತು. ಗುರುಪಾದದ ಆರು ಕಮಲಗಳ ಮಾತು ಬೇರೆ. ಪುಸ್ತಕವನ್ನು ಅಂದಿಗೆ ಮುಚ್ಚಿಟ್ಟೆ.

ಮುಂದೆ ಹುಡುಕುತ್ತ ಹೋದಂತೆ ಈ ದಾರಿ ಎಷ್ಟು ಹಳೆಯದೆಂಬುದು ತಿಳಿಯಿತು. ಕ್ರಿಸ್ತಪೂರ್ವ 1550ರ ಸುಮಾರಿಗೆ ಈಜಿಪ್ಟಿನ ಲಿಪಿಕಾರನೊಬ್ಬನು ಪ್ಯಾಪಿರಸ್ಸಿನ ಮೇಲೆ ಪ್ರತಿಮಾಡಿಟ್ಟ ಲೆಕ್ಕಗಳಲ್ಲಿ, ಒಂದು ರಾಶಿಗೆ ಅದರ ಏಳನೆಯ ಒಂದು ಭಾಗ ಸೇರಿದರೆ 19, ರಾಶಿ ಯಾವುದು ಎಂದಿದೆ; ಅಲ್ಲಿ ಮೊದಲು ಹಿಡಿಯುವುದು ಏಳನ್ನು. ನಮ್ಮ ರಾಷ್ಟ್ರಕೂಟರ ನಾಡಿನಲ್ಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ಇಂಥ ಭಾಗಗಳ ಲೆಕ್ಕಗಳು ಹೇರಳವಾಗಿವೆ. ಇಷ್ಟೆಲ್ಲ ಹಿಂದಿನವರ ಬೆಂಬಲವಿದ್ದ ಉತ್ತರಕ್ಕೆ ನಾನು ಸೊನ್ನೆ ಕೊಟ್ಟಿದ್ದೆ.

ಆದರೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹುಡುಗನ ದಾರಿ ಸರಿಯಾಗಿತ್ತು ಎಂದ ಮಾತ್ರಕ್ಕೆ ಎಕ್ಸ್ ಬೇಡವೆಂದು ಅರ್ಥವಲ್ಲ. ಸ್ವತಃ ಭಾಸ್ಕರರು 'ಬೀಜಗಣಿತ'ವೆಂಬ ಇನ್ನೊಂದು ಭಾಗವನ್ನೇ ಬರೆದು, ಅಲ್ಲಿ ತಿಳಿಯದ ರಾಶಿಯನ್ನು 'ಯಾವತ್ತಾವತ್' ಎಂದು ಕರೆದು, ಚಿಕ್ಕದಾಗಿ 'ಯಾ' ಎಂದು ಬರೆದುಕೊಂಡು ಲೆಕ್ಕ ಮಾಡುತ್ತಾರೆ. ತಿಳಿಯದವು ಹಲವಿದ್ದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ನಮ್ಮ ಎಕ್ಸ್, ವೈ, ಝಡ್‌ಗಳಿಗಿಂತ ಎಷ್ಟು ಚೆಂದ! ಇಷ್ಟಕರ್ಮ ಅವರ ಕೈಯಲ್ಲೇ ಇರುವಾಗ 'ಯಾ' ಏಕೆ ಬೇಕಾಯಿತು? ಈ ಪ್ರಶ್ನೆಯನ್ನು ಆ ಹುಡುಗನ ಮುಂದೆ ಇಡಬೇಕಾಗಿತ್ತು. ಅವನು ಆರು ಹಿಡಿದ ದಿನ ನಾನು ಮಾಡಬೇಕಾಗಿದ್ದುದು ಒಂದೇ: "ಭೇಷ್" ಎಂದು ಹೇಳಿ, ಆ ದಾರಿ ಮುಗಿದುಹೋಗುವಂಥ ಇನ್ನೊಂದು ಲೆಕ್ಕವನ್ನು ಕೊಡುವುದು.

ಅಂಥದೊಂದನ್ನು ಆಮೇಲೆ ಎಷ್ಟೋ ವರ್ಷ ತರಗತಿಯಲ್ಲಿ ಬಳಸಿದೆ. "ಒಂದು ಸಂಖ್ಯೆಯ ಎರಡರಷ್ಟಕ್ಕೆ ಐದು ಸೇರಿಸಿದರೆ 47. ಯಾವ ಸಂಖ್ಯೆ?" ಇಷ್ಟಕರ್ಮದಲ್ಲಿ ಹತ್ತು ಹಿಡಿದರೆ ಬರುವುದು 25. ನಲವತ್ತೇಳನ್ನು 25ರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಹದಿನೆಂಟು ಮುಕ್ಕಾಲನ್ನು ತುಸು ಮೀರುತ್ತದೆ, ಅದು ಉತ್ತರವಲ್ಲ. ಸಂಖ್ಯೆ ದೊಡ್ಡದಾದರೆ ಎರಡರಷ್ಟೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ, ಆದರೆ ಐದು ಐದಾಗಿಯೇ ಉಳಿಯುತ್ತದೆ. ಅಲ್ಲಿ ದಾರಿ ಕುಸಿಯುತ್ತದೆ. ಸಮೀಕರಣದ ಪಾಠವನ್ನು ನಾನು ಹೀಗೆ ಮೊದಲು ಹಿಡಿದು ನೋಡುವ ಲೆಕ್ಕಗಳಿಂದ ಆರಂಭಿಸಿ, ಮಕ್ಕಳು ಈ ಹಳ್ಳಕ್ಕೆ ಬಿದ್ದು ಎದ್ದ ಮೇಲೆ ಎಕ್ಸ್‌ಗೆ ಬರುತ್ತಿದ್ದೆ. ನನ್ನ ಪಾಠ ಯಾವಾಗಲೂ ಒಂದು ವಾರ ಹಿಂದೆ ಬೀಳುತ್ತಿತ್ತು. ತಪಾಸಣೆಗೆ ಬಂದವರು ಟಿಪ್ಪಣಿ ಬರೆದು ಹೋಗುತ್ತಿದ್ದರು.

ರೇಖಾಗಣಿತದಲ್ಲಿ ಇಂಥ ಪರೀಕ್ಷೆ ನನಗೆ ಎದುರಾದದ್ದು 1991ರಲ್ಲಿ, ಬೇರೆ ಊರಿನ ಶಾಲೆಯಲ್ಲಿ. ರೇಖಾಗಣಿತವನ್ನು ಮಕ್ಕಳು ಹೇಗೆ ಕಲಿಯುತ್ತಿದ್ದರೆಂದು ಹೇಳಬೇಕಾಗಿಲ್ಲ. ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಮಂತ್ರದಂತೆ ಉರುಹೊಡೆಯುವುದು. ತ್ರಿಭುಜದ ಹೆಸರನ್ನು ಎಬಿಸಿಯಿಂದ ಪಿಕ್ಯೂಆರ್ ಎಂದು ಬದಲಿಸಿದರೆ ಮಂತ್ರ ಮರೆತುಹೋಗುವುದು. ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮವೆಂದು ಸಾಧಿಸಿಕೊಂಡು ಬನ್ನಿ ಎಂದು ಹೇಳಿದ್ದೆ. ಪುಸ್ತಕದ ಸಾಧನೆಯಲ್ಲಿ ಶೃಂಗದ ಕೋನವನ್ನು ಅರ್ಧಿಸುವ ಒಂದು ಗೆರೆ ಎಳೆದು, ಎರಡು ತ್ರಿಭುಜ ಮಾಡಿಕೊಂಡು, ಅವು ಸರ್ವಸಮವೆಂದು ತೋರಿಸುತ್ತಾರೆ. ಒಬ್ಬ ಹುಡುಗಿಯ ಪುಸ್ತಕದಲ್ಲಿ ಆ ಗೆರೆಯೇ ಇರಲಿಲ್ಲ. 'ರಚನೆ' ಎಂಬಲ್ಲಿ ಏನೂ ಬರೆದಿರಲಿಲ್ಲ. ಕೆಳಗೆ, ತ್ರಿಭುಜ ಎಬಿಸಿ ಮತ್ತು ತ್ರಿಭುಜ ಎಸಿಬಿಗಳಲ್ಲಿ ಎಬಿಗೆ ಎಸಿ ಸಮ, ಎಸಿಗೆ ಎಬಿ ಸಮ, ನಡುವಿನ ಕೋನ ಎರಡಕ್ಕೂ ಒಂದೇ; ಬಾ.ಕೋ.ಬಾ. ಪ್ರಕಾರ ಸರ್ವಸಮ, ಆದುದರಿಂದ ಬಿ ಕೋನವೂ ಸಿ ಕೋನವೂ ಸಮ. ಮುಗಿಯಿತು.

ಒಂದೇ ತ್ರಿಭುಜವನ್ನು ಅದರೊಂದಿಗೇ ಹೋಲಿಸಿದ್ದಳು! ಕೆಂಪು ಪೆನ್ನು ಕಾಗದದ ಮೇಲೆ ಬಂದು ನಿಂತಿತ್ತು. ಅದನ್ನು ಕೆಳಗಿಟ್ಟು ಅವಳನ್ನು ಕರೆದು ಕೇಳಿದೆ. ಅವಳು ಹೆದರುತ್ತ, "ಯಾವ ಗೆರೆ ಎಳೀಬೇಕು ಅಂತ ಮರೆತುಹೋಗಿತ್ತು ಸಾರ್. ಕನ್ನಡಿಯಲ್ಲಿ ನೋಡಿದ್ರೆ ಬಲಗಡೆದು ಎಡಗಡೆ ಬರುತ್ತೆ, ಆದ್ರೂ ಅದೇ ತ್ರಿಭುಜ ಅಲ್ವಾ ಅಂತ ಹಾಗೇ ಬರೆದೆ" ಎಂದಳು. ಮರೆತದ್ದರಿಂದ ಯೋಚಿಸಬೇಕಾಗಿ ಬಂದಿತ್ತು. ಅದು ಸರಿಯೇ ತಪ್ಪೇ ಎಂದು ನನಗೆ ಆ ಕ್ಷಣದಲ್ಲಿ ಖಚಿತವಿರಲಿಲ್ಲ, ಹಾಗೆಂದೇ ಅವಳಿಗೆ ಹೇಳಿದೆ. ಎರಡು ದಿನ ಅದನ್ನು ಮಗುಚಿ ನೋಡಿದೆ. ಎಲ್ಲೂ ಬಿರುಕು ಕಾಣಲಿಲ್ಲ. ಅಲೆಕ್ಸಾಂಡ್ರಿಯದ ಪ್ಯಾಪಸ್ ಎಂಬ ಗಣಿತಜ್ಞನು ನಾಲ್ಕನೆಯ ಶತಮಾನದಲ್ಲೇ ಇದೇ ಸಾಧನೆ ಕೊಟ್ಟಿದ್ದನೆಂದು ಮುಂದೆ ಓದಿದೆ. ಯೂಕ್ಲಿಡ್ ಅದೇ ಪ್ರಮೇಯಕ್ಕೆ ಬಾಹುಗಳನ್ನು ಕೆಳಗೆ ಎಳೆದು ಉದ್ದ ಮಾಡಿ ಬಹಳ ಸುತ್ತಿನ ದಾರಿ ಹಿಡಿದಿದ್ದಾನೆ. ಅದನ್ನು ದಾಟಲಾರದೆ ಹಿಂದೆ ಬೀಳುವವರನ್ನು ಕಂಡು ಅದಕ್ಕೆ ಯೂರೋಪಿನಲ್ಲಿ 'ಕತ್ತೆಗಳ ಸೇತುವೆ' ಎಂಬ ಹೆಸರೇ ಬಂದಿತ್ತು.

ಹುಡುಗಿಗೆ ಪೂರ್ಣಾಂಕ ಕೊಟ್ಟೆ. ಜೊತೆಗೆ, "ಪಬ್ಲಿಕ್ ಪರೀಕ್ಷೆಯಲ್ಲಿ ಮಾತ್ರ ಗೆರೆ ಎಳೆದೇ ಬರಿಯಮ್ಮ" ಎಂದೂ ಹೇಳಿದೆ. ಉತ್ತರಪತ್ರಿಕೆಯನ್ನು ತಿದ್ದುವವರು ಯಾರೋ, ಅವರ ಕೈಯ ಪೆನ್ನು ಎಂಥದೋ. ಆ ಮಾತನ್ನು ಹೇಳಿದ್ದು ಸರಿಯೇ ಎಂದು ಈಗಲೂ ಒಮ್ಮೊಮ್ಮೆ ಅನಿಸುವುದುಂಟು.

ಇನ್ನು ಆರು ಹಿಡಿದ ಹುಡುಗನ ವಿಷಯ. ಹೋದ ಮಾಘಮಾಸದಲ್ಲಿ ಅವನು ನನ್ನ ಮನೆ ಹುಡುಕಿಕೊಂಡು ಬಂದ. ಹುಡುಗನೆಂದರೆ ಈಗ ಅರವತ್ತು ದಾಟಿದ್ದಾನೆ. ಕೊಬ್ಬರಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡು, ಎರಡು ಎಕರೆ ತೋಟ ಮಾಡಿ, ಕೊನೆಯ ಮಗನ ಮದುವೆಗೆ ಕರೆಯಲು ಬಂದಿದ್ದ. ಕಾಫಿಯಾದ ಮೇಲೆ ನಾನೇ ಮಾತು ತೆಗೆದೆ. ಎಪ್ಪತ್ತೇಳರ ಲೆಕ್ಕ, ಸೊನ್ನೆ, ಎರಡು ಏಟು, ಎಲ್ಲವನ್ನೂ ಹೇಳಿ, "ನೀನು ಮಾಡಿದ್ದೇ ಸರಿಯಾಗಿತ್ತಪ್ಪ, ತಪ್ಪು ನನ್ನದು" ಎಂದೆ. ಅವನು ನಕ್ಕು, "ಅಯ್ಯೋ, ಬಿಡಿ ಸಾರ್, ನಂಗೆ ನೆನಪೇ ಇಲ್ಲ" ಎಂದ. ಆದರೆ ಆರು ಹಿಡಿಯುವ ವಿದ್ಯೆ ಎಲ್ಲಿಂದ ಬಂತೆಂದು ಕೇಳಿದಾಗ ತಡವಿಲ್ಲದೆ ಉತ್ತರ ಬಂತು. ಅವನ ತಂದೆ ಕೂಲಿ ಹಂಚುತ್ತಿದ್ದುದೇ ಹಾಗಂತೆ. ದಿನವಿಡೀ ದುಡಿದವನಿಗೆ ಒಂದು ಪಾಲು, ಹುಡುಗರಿಗೆ ಅರ್ಧ ಪಾಲು, ಹೊತ್ತು ಇಳಿದ ಮೇಲೆ ಬಂದವರಿಗೆ ಮೂರರಲ್ಲೊಂದು ಪಾಲು. ಓದುಬರಹ ಬಾರದ ಆತ ತುಂಬಿದ ಪಾಲಿಗೆ ಆರು ಕಲ್ಲು, ಉಳಿದವರಿಗೆ ಮೂರು, ಎರಡು ಎಂದು ನೆಲದ ಮೇಲಿಟ್ಟು, ಒಟ್ಟು ಕಲ್ಲುಗಳಿಗೆ ಹಣವನ್ನು ಹರಡುತ್ತಿದ್ದನಂತೆ. ನಾನು ಕರಿಹಲಗೆಯ ಮೇಲೆ ಬರೆದ ಲೆಕ್ಕವನ್ನು ಆ ಹುಡುಗ ಸಂಜೆಯ ಕೂಲಿಯ ಹಂಚಿಕೆಯೆಂದೇ ಓದಿದ್ದ.

ನನಗೆ ಮೇಷ್ಟರ ಚಪಲ. ಎರಡರಷ್ಟಕ್ಕೆ ಐದು ಸೇರಿಸುವ ನನ್ನ ಹಳೆಯ ಹಳ್ಳವನ್ನು ಅವನ ಮುಂದೆ ತೋಡಿದೆ. "ಐದು ತೆಗೆದು ಪಕ್ಕಕ್ಕಿಟ್ಟೆ ಸಾರ್. ಮಿಕ್ಕಿದ್ದು ನಲವತ್ತೆರಡು, ಅರ್ಧ ಇಪ್ಪತ್ತೊಂದು" ಎಂದ. ಎಷ್ಟೋ ತರಗತಿಗಳನ್ನು ಬೀಳಿಸಿದ ಹಳ್ಳದ ಬದಿಯಲ್ಲೇ ನಡೆದುಹೋದ. ಆಗ ಇನ್ನೊಂದು ಕೊಟ್ಟೆ: ತಂದೆಗೆ ಈಗ ಮಗನ ಮೂರರಷ್ಟು ವಯಸ್ಸು, ಹನ್ನೆರಡು ವರ್ಷದ ಮೇಲೆ ಎರಡರಷ್ಟಾಗುತ್ತದೆ, ಮಗನಿಗೀಗ ಎಷ್ಟು?

ಈ ಸಲ ಅವನು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತ ಕುಳಿತ. ಮನೆಯಾಕೆ ಒಳಗಿನಿಂದ, ಬಂದವರನ್ನು ಪರೀಕ್ಷೆಗೆ ಕೂರಿಸಿದಿರಾ ಎಂದು ನನ್ನನ್ನು ಗದರಿದಳು. ಕೊನೆಗೆ ಅವನು ಹೇಳಿದ: "ಇಬ್ಬರ ನಡುವೆ ಇರೋ ಅಂತರ ಯಾವತ್ತೂ ಬದಲಾಗಲ್ಲ ಸಾರ್. ಈಗ ಅದು ಮಗನ ವಯಸ್ಸಿನ ಎರಡರಷ್ಟು. ಆಮೇಲೆ ಅದು ಮಗನ ವಯಸ್ಸಿನಷ್ಟೇ. ಅಂದ್ರೆ ಮಗನ ವಯಸ್ಸು ಎರಡರಷ್ಟಾಯ್ತು. ಹನ್ನೆರಡು ವರ್ಷದಲ್ಲಿ ಎರಡರಷ್ಟು ಆಗ್ಬೇಕಾದ್ರೆ ಈಗ ಹನ್ನೆರಡೇ. ತಂದೆಗೆ ಮೂವತ್ತಾರು."

ನಾನು ಲಗ್ನಪತ್ರಿಕೆಯ ಲಕೋಟೆಯ ಹಿಂದೆ ಬರೆದು ತೋರಿಸಿದೆ. ಮಗನಿಗೆ ಎಕ್ಸ್, ತಂದೆಗೆ ಮೂರು ಎಕ್ಸ್. ಹನ್ನೆರಡು ವರ್ಷದ ಮೇಲೆ ಮೂರು ಎಕ್ಸ್ ಮತ್ತು 12 ಒಂದು ಕಡೆ. ಎಕ್ಸ್ ಮತ್ತು 12ರ ಎರಡರಷ್ಟು, ಅಂದರೆ ಎರಡು ಎಕ್ಸ್ ಮತ್ತು 24, ಇನ್ನೊಂದು ಕಡೆ. ಎರಡೂ ಕಡೆಯಿಂದ ಎರಡು ಎಕ್ಸ್ ತೆಗೆ, 12 ತೆಗೆ. ಎಕ್ಸ್ ಎಂದರೆ 12. ಮೂರು ಸಾಲು.

ಅವನು ಲಕೋಟೆಯನ್ನು ಕೈಗೆ ತೆಗೆದುಕೊಂಡು, ಹತ್ತಿರ ಹಿಡಿದು, ದೂರ ಹಿಡಿದು ನೋಡಿದ. "ಇದ್ರಲ್ಲಿ ತಲೆ ಓಡಿಸೋದೇ ಬೇಡವಲ್ಲ ಸಾರ್!" ಎಂದ. ಅದು ಹೊಗಳಿಕೆಯೋ ದೂರೋ ನನಗೆ ತಿಳಿಯಲಿಲ್ಲ.

"ಅದಕ್ಕೇ ಕಣಪ್ಪ ಎಕ್ಸ್ ಇರೋದು. ಪ್ರತಿ ಲೆಕ್ಕಕ್ಕೂ ಹೊಸದಾಗಿ ತಲೆ ಓಡಿಸೋದು ಎಲ್ಲರ ಕೈಲಾಗಲ್ಲ. ಒಂದು ಸಲ ತಲೆ ಓಡಿಸಿ ಸಮೀಕರಣ ಬರೆದರೆ ಮಿಕ್ಕಿದ್ದನ್ನ ಅದೇ ಎಳ್ಕೊಂಡು ಹೋಗುತ್ತೆ."

"ಇದನ್ನ ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಸಾರ್" ಎಂದ.

ಯಾವತ್ತು ಎಂದು ನಾನು ಕೇಳಲಿಲ್ಲ. ಅವನು ಲಕೋಟೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಲಗ್ನಪತ್ರಿಕೆಯನ್ನು ಮಾತ್ರ ನನ್ನ ಕೈಗೆ ಕೊಟ್ಟು, ಕಾಲು ಮುಟ್ಟಿ ನಮಸ್ಕರಿಸಿ ಹೊರಟ. ಮದುವೆಗೆ ಹೋಗಿಬಂದೆವು.

ಮೊಮ್ಮಗಳಿಗೆ ಮರುದಿನ ಬೆಳಗ್ಗೆ ಬರೆದೆ: "ಮೊಬೈಲನ್ನು ಪಕ್ಕಕ್ಕಿಡು. ಮೊದಲು ಸುಮ್ಮನೆ ಆರು ಹಿಡಿದು ನೋಡು, ಏನು ಬರುತ್ತದೆ ಹೇಳು." ಕಾಲು ಗಂಟೆಯ ಬಳಿಕ ಉತ್ತರ ಬಂತು. "ಹನ್ನೊಂದು ಬಂತು ತಾತ. ನಲವತ್ತನಾಲ್ಕು ಅಂದ್ರೆ ಅದರ ನಾಲ್ಕರಷ್ಟು. ಹಾಗಾದ್ರೆ ಇಪ್ಪತ್ತನಾಲ್ಕು! ಸೂಪರ್!" ಅದರ ಹಿಂದೆಯೇ ಇನ್ನೊಂದು ಸಾಲು: "ಆದ್ರೆ ಇದಕ್ಕೆ ನಮ್ಮ ಮಿಸ್ ಮಾರ್ಕ್ಸ್ ಕೊಡಲ್ಲ. ಎಕ್ಸ್‌ದೂ ಯಾಕೆ ಅಂತ ಹೇಳಿಕೊಡು."

ಭಾನುವಾರ ಬರುತ್ತೇನೆಂದು ತಿಳಿಸಿದ್ದೇನೆ.